ಚಿಕ್ಕಮುನಿಯಪ್ಪನವರ ಬೆಡ್‌ಶೀಟು

ಚಿಕ್ಕಮುನಿಯಪ್ಪನವರು ನನ್ನನ್ನು ಮೊಟ್ಟಮೊದಲು ಕೇಳಿದ್ದು ಒಂದು ವಿಸಿಟಿಂಗ್ ಕಾರ್ಡನ್ನು. ಕುಂದಲಹಳ್ಳಿ ಗೇಟಿನಲ್ಲಿ ಆಗಿನ್ನೂ ಅಂಡರ್‌ಪಾಸ್ ಆಗಿರಲಿಲ್ಲ. ನನ್ನ ಪದ್ಮಿನಿ ಕಾರು ಸಿಗ್ನಲ್ಲಿನ ನಟ್ಟನಡುವೆ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತ್ತು. ಹಿಂದಿದ್ದ ಕಂಪನಿ ಕ್ಯಾಬುಗಳವರು ಹಾರನ್ನಿನಲ್ಲೇ ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಮೊಬೈಲಿನಲ್ಲಿ ಫೋಟೋ ನೋಡಿ ಮರುಳಾಗಿ ಕೊಂಡ ಕಾರು ಅದು. ನಾನು ಬಾನೆಟ್ ಎತ್ತಿ, ಏನೂ ಗೊತ್ತಿಲ್ಲದವರೆಲ್ಲ ಮಾಡುವ ಹಾಗೆ, ಒಳಗೆ ಇಣುಕುತ್ತ ನಿಂತಿದ್ದೆ.

ಪಂಚೆ ಉಟ್ಟು ಖಾಕಿ ಶರ್ಟು ತೊಟ್ಟಿದ್ದ ಹಿರಿಯರೊಬ್ಬರು ಹಾಲಿನ ಪ್ಯಾಕೆಟ್ ಹಿಡಿದುಕೊಂಡು ರಸ್ತೆ ದಾಟುತ್ತಿದ್ದವರು ನಿಂತರು. "ಇಸಿಟಿಂಗ್ ಕಾರ್ಡ್ ಐತಾ ಸಾಮಿ?" ಎಂದರು. ನಾನು ಯಾರೆಂದು ವಿಚಾರಿಸುತ್ತಿದ್ದಾರೆ ಎಂದುಕೊಂಡು ಜಂಬದಿಂದಲೇ ಕೊಟ್ಟೆ. ಅವರು ಅದನ್ನು ಓದಲೂ ಇಲ್ಲ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಒಳಗೆ ಕಿಡಿ ಹುಟ್ಟಿಸುವ ಎರಡು ಪಾಯಿಂಟುಗಳ ನಡುವೆ ಕಾರ್ಡು ತೂರಿಸಿ ಎರಡು ಸಲ ಎಳೆದರು. ಮಸಿ ಬಂತು. ಆಮೇಲೆ ಅದೇ ಕಾರ್ಡಿನ ದಪ್ಪಕ್ಕೆ ಸರಿಯಾಗಿ ಸಂದು ಬಿಟ್ಟು ಸ್ಕ್ರೂ ಬಿಗಿದರು. ಕಾರು ಸ್ಟಾರ್ಟ್ ಆಯಿತು.

"ಮ್ಯಾನೇಜರ್‌ಗಳ ಕಾರ್ಡು ಒಳ್ಳೆ ದಪ್ಪ ಇರ್ತದೆ," ಎಂದು ಮಸಿ ಮೆತ್ತಿದ ಕಾರ್ಡನ್ನು ನನಗೇ ವಾಪಸ್ ಕೊಟ್ಟರು. "ಬಾನುವಾರ ಮನೆತಾವ ತಕಂಬನ್ನಿ. ಸರಿಯಾಗಿ ನೋಡಾವ."

ಹಾಗೆ ಶುರುವಾದದ್ದು ಏಳು ವರ್ಷ ನಡೆಯಿತು. ಅವರು ಕುಂದಲಹಳ್ಳಿಯ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಬಾಡಿಗೆ ಮನೆ ಎದ್ದಿದೆ. ತಮ್ಮಂದಿರೆಲ್ಲ ಬಿಳಿ ಬಟ್ಟೆ ಹಾಕಿ ರಾಜಕೀಯ, ಸೈಟು ಎಂದು ಓಡಾಡಿಕೊಂಡಿದ್ದರೆ ಇವರು ಮೂವತ್ತೊಂದು ವರ್ಷ ಮಹದೇವಪುರದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟರ್ ಆಗಿ ದುಡಿದರು. ರಿಟೈರ್ ಆದ ಮೇಲೆ ಕಟ್ಟಡದ ಕೆಳಗಿನ ಪಾರ್ಕಿಂಗನ್ನು ಹಳೇ ಕಾರುಗಳಿಗೆ ಮೀಸಲಿಟ್ಟರು. ಬಾಡಿಗೆದಾರರ ಸ್ಕೂಟರುಗಳು ಬೀದಿಯಲ್ಲಿ ನಿಲ್ಲುತ್ತಿದ್ದವು. ಯಾರಾದರೂ ಗೊಣಗಿದರೆ, "ಬಿಸ್ಲಾಗ್ ನಿಂತ್ರೆ ಸ್ಕೂಟ್ರಿಗೇನೂ ಜರ ಬರಾಕಿಲ್ಲ," ಎನ್ನುತ್ತಿದ್ದರು.

ಅಲ್ಲಿ ಸೇರುತ್ತಿದ್ದವರು ನಾವು ನಾಲ್ಕೇ ಜನ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಪರೀಕ್ಷೆ ಮಾಡುವ ಹೇಮಲತಾ ವೈರಿಂಗಿನಲ್ಲಿ ಗಟ್ಟಿಗಿತ್ತಿ. ಅವಳದೊಂದು ಹಳೇ ಹೆರಾಲ್ಡ್ ಕಾರು. ಲಿಂಗಸುಗೂರಿನ ಕಡೆಯ ಯಂಕಪ್ಪ ಪೀಣ್ಯದಲ್ಲಿ ಲೇತ್ ಮೆಶೀನಿನ ಮೇಲೆ ಕೆಲಸ ಮಾಡುತ್ತಾನೆ. ಅವನಿಗೆ ಸ್ವಂತ ಕಾರೇ ಇಲ್ಲ. ಎರಡು ಬಸ್ಸು, ಒಂದು ಮೆಟ್ರೋ ಹತ್ತಿ ಬರುತ್ತಿದ್ದದ್ದು ಬರೀ ಪ್ರೀತಿಗೆ. ಮೂರನೆಯವನು ನಾನು, ರಾಣೆಬೆನ್ನೂರಿನ ಅಮರೇಶ್, ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯ ಪ್ರಾಜೆಕ್ಟ್ ಮ್ಯಾನೇಜರ್. ಸ್ಪ್ಯಾನರ್ ಹಿಡಿದರೆ ನಟ್ಟಿನ ಮೂಲೆ ಸವೆಸುತ್ತಿದ್ದೆನಾದ್ದರಿಂದ ಎಲ್ಲೆಲ್ಲಿಂದಲೋ ಹಳೇ ಬಿಡಿಭಾಗ ಹುಡುಕಿ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕನೆಯವರೇ ಚಿಕ್ಕಮುನಿಯಪ್ಪನವರು. ಅವರಿಲ್ಲದಿದ್ದರೆ ಮಿಕ್ಕ ಮೂವರೂ ಸೊನ್ನೆ.

ಅವರದ್ದು ಅರವತ್ತಾರರ ಫಿಯಟ್. ವೈಟ್‌ಫೀಲ್ಡಿನ ಒಂದು ಹಳೇ ಬಂಗಲೆಯ ಹಿತ್ತಿಲಲ್ಲಿ ಸೀಬೆ ಮರದ ಕೆಳಗೆ ನಿಂತಿತ್ತಂತೆ. ಡಿಕ್ಕಿಯಲ್ಲಿ ಕೋಳಿ ಕಾವಿಗೆ ಕೂತಿತ್ತು, ಮರಿ ಆಗುವವರೆಗೆ ಕಾದು ಆಮೇಲೆ ತಂದೆ ಎಂದು ಹೇಳುತ್ತಿದ್ದರು. ಹೆಂಡತಿ ವಸಂತಮ್ಮನವರ ತವರು ಸೂಲಿಬೆಲೆ. ಮದುವೆಯಾದ ಹೊಸತರಲ್ಲಿ ಅವರನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡೇ ತವರಿಗೆ ಕರೆದುಕೊಂಡು ಹೋಗಿದ್ದರಂತೆ. ಅದು ಚಿಕ್ಕಮುನಿಯಪ್ಪನವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ತನ್ನ ಕೈಯಾರೆ ಕಟ್ಟಿದ ಕಾರಿನಲ್ಲಿ ಒಂದು ಸಲ ಅವರನ್ನು ಸೂಲಿಬೆಲೆಗೆ ಕೂರಿಸಿಕೊಂಡು ಹೋಗಬೇಕೆಂಬುದು ಅವರ ಆಸೆ. ತಮ್ಮಂದಿರ ಕಾರುಗಳು ಮನೆ ಮುಂದೆ ಸಾಲಾಗಿ ನಿಂತಿದ್ದರೂ ಅವುಗಳಲ್ಲಿ ಹೋಗುವ ಮಾತೇ ಇಲ್ಲ. ವಸಂತಮ್ಮನವರಂತೂ ಆ ಫಿಯಟ್ಟಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. "ನಿಂತಿರೋ ಗಾಡೀಲಿ ಕೂತ್ಕಳಕ್ಕೆ ನಾನೇನ್ ಗೊಂಬೆಯಾ? ಓಡ್ಲಿ, ಕೂತ್ಕತೀನಿ," ಎನ್ನುತ್ತಿದ್ದರು.

ಆದರೆ ಅದು ಓಡುವ ಕಾಲ ಬರಲೇ ಇಲ್ಲ. ಯಾಕೆಂದರೆ ಪ್ರತಿ ಭಾನುವಾರ ನಾವು ಏನಾದರೊಂದು ತಕರಾರು ಹಿಡಿದುಕೊಂಡು ಹೋಗುತ್ತಿದ್ದೆವು. ಮೊದಲು ನನ್ನ ಪದ್ಮಿನಿಯ ಬ್ರೇಕು, ಆಮೇಲೆ ಹೇಮಲತಾಳ ಹೆರಾಲ್ಡಿನ ಗೇರ್‌ಬಾಕ್ಸ್, ಮತ್ತೆ ನನ್ನ ಪದ್ಮಿನಿಯ ರೇಡಿಯೇಟರು. "ನಿಮ್ಮದನ್ನು ಯಾವಾಗ ಅಣ್ಣ?" ಎಂದು ಕೇಳಿದರೆ, "ನಂದೆಲ್ಲಿಗೋಯ್ತದೆ? ನಿಮ್ದು ರೋಡ್ನಾಗ್ ನಿಂತ್ಬುಡ್ತದೆ," ಎನ್ನುತ್ತಿದ್ದರು. ನಮ್ಮ ಕಾರುಗಳು ಅವರ ಭಾನುವಾರಗಳನ್ನು ತಿಂದು ತೇಗಿದವು. ಈಗ ಯೋಚಿಸಿದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಕೊನೆಗೆ ಹೋದ ವರ್ಷ ಸಂಕ್ರಾಂತಿ ಮುಗಿದ ಮೇಲೆ ಹೇಮಲತಾ ಕಟ್ಟುನಿಟ್ಟಾಗಿ ಹೇಳಿದಳು. "ಇನ್ನು ನಮ್ಮ ಗಾಡಿ ಯಾವುದೂ ಒಳಗೆ ಬರಲ್ಲ ಅಣ್ಣ. ನಿಮ್ಮದು ಮುಗೀಬೇಕು." ಅವರು ಎಂಜಿನ್ ಬಿಚ್ಚಿದರು. ಆ ವಾರಗಳಲ್ಲಿ ನನಗೆ ಆಫೀಸಿನಲ್ಲಿ ಬಿಡುವಿರಲಿಲ್ಲ. ಹೋದರೂ ಹತ್ತು ನಿಮಿಷ ನಿಂತು ಕಾಫಿ ಕುಡಿದು ಬರುತ್ತಿದ್ದೆ. ಬಿಚ್ಚುವುದನ್ನು ನೋಡಿದವನು ಯಂಕಪ್ಪ ಒಬ್ಬನೇ.

ಬಿಚ್ಚಿದ್ದನ್ನು ಇಡುವುದಕ್ಕೆ ಅವರದೊಂದು ರೀತಿ ಇತ್ತು. ನೆಲದ ಮೇಲೆ ಹಳೇ ಬೆಡ್‌ಶೀಟು ಹಾಸಿ, ಎಂಜಿನ್ನಿನಿಂದ ತೆಗೆದ ಒಂದೊಂದನ್ನೂ ಅದು ಒಳಗೆ ಹೇಗಿತ್ತೋ ಹಾಗೆಯೇ ಮಲಗಿಸುತ್ತಿದ್ದರು. ಬಾಗಿಲ ಕಡೆಗೆ ಎಂಜಿನ್ನಿನ ಮುಂಭಾಗ, ಗೋಡೆಯ ಕಡೆಗೆ ಹಿಂಭಾಗ. ಚೀಟಿ ಅಂಟಿಸುತ್ತಿರಲಿಲ್ಲ, ನಂಬರು ಬರೆಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಹೊಡೆದಿದ್ದ ನಂಬರುಗಳನ್ನೂ ಯಾವನೋ ಹಳೇ ಮೆಕ್ಯಾನಿಕ್ ಅರ ಹಾಕಿ ಅಳಿಸಿಬಿಟ್ಟಿದ್ದ. ಬೆಡ್‌ಶೀಟನ್ನು ಯಾರೂ ದಾಟಬಾರದು, ಸುತ್ತಿಕೊಂಡೇ ಹೋಗಬೇಕು. ಅದು ಅವರ ಮಡಿ ಇರಬೇಕೆಂದು ನಾನು ನಗುತ್ತಿದ್ದೆ. ಯಾಕೆ ಹಾಗೆ ಎಂದು ಏಳು ವರ್ಷದಲ್ಲಿ ಒಂದು ಸಲವೂ ಕೇಳಲಿಲ್ಲ. ಎಲ್ಲ ತಿಳಿದವನಂತೆ ಇದ್ದುಬಿಟ್ಟೆ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವರಿಗೆ ಹಲ್ಲುಜ್ಜುವಾಗ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಇದ್ದರು. ನಾವು ಸರದಿಯಲ್ಲಿ ಹೋಗಿ ಕೂತು ಬರುತ್ತಿದ್ದೆವು. ಮಾತಿಲ್ಲದ ಅವರ ಮುಖ ನೋಡಲಾಗದೆ ನಾನು ಏನಾದರೂ ಮಾಡಲೇಬೇಕೆಂದು ಚಡಪಡಿಸುತ್ತಿದ್ದೆ. ಮಾಡಿದೆ.

ಎರಡು ದಿನ ರಜೆ ಹಾಕಿ, ವಸಂತಮ್ಮನವರಿಂದ ಕೀಲಿ ಇಸಿದುಕೊಂಡು ಪಾರ್ಕಿಂಗಿಗೆ ಹೋದೆ. ನೆಲದ ಮೇಲೆ ಧೂಳು ಹಿಡಿಯುತ್ತ ಬಿದ್ದಿದ್ದ ಎಲ್ಲವನ್ನೂ ಎತ್ತಿ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿದೆ. ಪ್ಲಾಸ್ಟಿಕ್ ಡಬ್ಬಿಗಳನ್ನು ತಂದು ಜಾತಿವಾರು ತುಂಬಿದೆ. ವಾಲ್ವ್ ಎಂಟೂ ಒಂದು ಡಬ್ಬಿಯಲ್ಲಿ, ಪುಷ್‌ರಾಡುಗಳೆಲ್ಲ ಒಂದು ಡಬ್ಬಿಯಲ್ಲಿ. ಪಿಸ್ಟನ್ನಿನ ರಾಡುಗಳು ಒಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ತಬ್ಬಿ ಹಿಡಿಯಲು ಬೇಕಾದ ಅರ್ಧಚಂದ್ರದಂಥ ನಾಲ್ಕು ಕ್ಯಾಪುಗಳು ಇನ್ನೊಂದರಲ್ಲಿ. ಆಫೀಸಿನಿಂದ ತಂದ ಮೆಶೀನಿನಲ್ಲಿ ಲೇಬಲ್ ಹೊಡೆದು ಅಂಟಿಸಿದೆ. ಕಪಾಟಿನಲ್ಲಿ ಅವು ಮದುವೆ ಮನೆಯ ಉಗ್ರಾಣದ ಹಾಗೆ ಒಪ್ಪವಾಗಿ ಕೂತವು. ಅಣ್ಣ ಬಂದು ನೋಡಿ ಎಷ್ಟು ಖುಷಿಪಡುತ್ತಾರೋ ಎಂದು ನನಗೆ ಕಣ್ಣಲ್ಲಿ ನೀರು ಬಂದಿತ್ತು. ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದೆ.

ಹೇಮಲತಾ ಹೆಬ್ಬೆರಳು ತೋರಿಸಿದಳು. ಯಂಕಪ್ಪನಿಂದ ಫೋನೇ ಬಂತು.

"ಸರ, ಆ ಚಾದರ ಎಲ್ಲೈತ್ರಿ?"

"ಯಾವ ಚಾದರ?"

"ನೆಲಕ್ಕ ಹಾಸಿದ್ದ ಚಾದರ ರೀ. ಅದರ ಮ್ಯಾಲೆ ಎಣ್ಣಿ ಗುರುತು ಇರ್ತಾವ. ಯಾವುದು ಎಲ್ಲಿತ್ತಂತ ಅದನ್ನ ನೋಡಿ ಹೇಳಬಹುದು."

"ತುಂಬಾ ಗಲೀಜಾಗಿತ್ತು ಯಂಕಪ್ಪ. ಮನೆಗೆ ತಂದು ವಾಶಿಂಗ್ ಮೆಶೀನಿಗೆ ಹಾಕಿಸಿದೆ."

ಆ ಕಡೆ ಲೇತ್ ಮೆಶೀನು ನಿಲ್ಲಿಸಿದ್ದು ಕೇಳಿಸಿತು. ಆಮೇಲೆ ಯಂಕಪ್ಪ ಬೈಯದೆ, ಸಣ್ಣ ದನಿಯಲ್ಲಿ ವಿವರಿಸಿದ. ಎಂಟು ವಾಲ್ವು ನೋಡಲು ಒಂದೇ ಥರ ಇರುತ್ತವೆ, ಆದರೆ ಅಣ್ಣ ಮೂರು ವಾರ ಕೂತು ಒಂದೊಂದನ್ನೂ ಅದರದರ ಕುಳಿಗೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸಿದ್ದರು. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಗಾಳಿ ಸೋರುತ್ತದೆ. ನಾಲ್ಕು ಕ್ಯಾಪುಗಳೂ ಹಾಗೆಯೇ. ಒಂದೊಂದು ರಾಡಿನ ಜೊತೆ ಒಂದೊಂದು ಹುಟ್ಟಿರುತ್ತದೆ. ಬೇರಿಂಗಿನ ಅಳತೆ ನೋಡಲೆಂದು ಬಿಚ್ಚಿ, ಅದರದರ ರಾಡಿನ ಪಕ್ಕದಲ್ಲೇ ಮಲಗಿಸಿದ್ದರು. ನಾನು ಎಲ್ಲವನ್ನೂ ಕಲಸಿಬಿಟ್ಟಿದ್ದೆ. ಎಷ್ಟು ರೀತಿಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಲು ನನಗೆ ಬರುತ್ತದೆ: ಬರೀ ಕ್ಯಾಪುಗಳೇ ಇಪ್ಪತ್ತನಾಲ್ಕು ರೀತಿ. ಸರಿಯಾದದ್ದು ಒಂದೇ. ಆ ಒಂದು ನಾನು ಒಗೆಸಿ ಬಿಸಿಲಿಗೆ ಹರವಿದ್ದ ಬೆಡ್‌ಶೀಟಿನಲ್ಲಿತ್ತು.

ಅಣ್ಣನನ್ನು ಮನೆಗೆ ಕರೆತಂದ ವಾರ ವಸಂತಮ್ಮನವರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು. "ಇನ್ನೊಂದ್ ಸಲ ಲಕ್ವ ಒಡುದ್ರೆ ಉಳಿಯಾಕಿಲ್ಲ ಅಂದವ್ರೆ ಡಾಕ್ಟ್ರು. ಅವ್ರ ಗಾಡಿ ಓಡೋದ್ನ ಅವ್ರು ಒಂದ್ಕಿತ ನೋಡ್ಬುಡ್ಲಿ ಕಣಪ್ಪ ಅಮರೇಸ. ಬೇರೇನೂ ಬ್ಯಾಡ ನಂಗೆ." ನಾನು ತಲೆಯಾಡಿಸಿದೆ. ಏನಾಗಿದೆ ಎಂದು ಹೇಳುವ ಧೈರ್ಯ ಬರಲಿಲ್ಲ.

ಭಾನುವಾರ ಅವರನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಎತ್ತಿಕೊಂಡು ಪಾರ್ಕಿಂಗಿಗೆ ಇಳಿಸಿದೆವು. ಅವರು ಕಪಾಟು ನೋಡಿದರು. ಲೇಬಲ್ಲುಗಳನ್ನು ನೋಡಿದರು. ಆಮೇಲೆ ನೆಲ ನೋಡಿದರು. ಅಲ್ಲಿ ನಾನು ಸೋಪು ಹಾಕಿ ಉಜ್ಜಿದ ಸಿಮೆಂಟು ಬೆಳ್ಳಗೆ ಹೊಳೆಯುತ್ತಿತ್ತು. ಅವರ ಎಡಗಣ್ಣಿನಿಂದ ನೀರಿಳಿಯಿತು. ನಾನು ಅವರ ಕಾಲ ಬಳಿ ಕುಸಿದು, "ತಪ್ಪಾಯ್ತು ಅಣ್ಣ, ನಂಗೆ ಗೊತ್ತಿರ್ಲಿಲ್ಲ, ನಾನೇ ಮಾಡಿದ್ದು," ಎಂದು ಅತ್ತುಬಿಟ್ಟೆ. ನಲವತ್ನಾಲ್ಕು ವರ್ಷದ ಗಂಡಸು, ಬಾಡಿಗೆದಾರರು ಮೆಟ್ಟಿಲಿನಿಂದ ನೋಡುತ್ತಿದ್ದರು, ನನಗೆ ನಾಚಿಕೆಯೇ ಆಗಲಿಲ್ಲ. ಅವರು ಎಡಗೈಯನ್ನು ನನ್ನ ತಲೆಯ ಮೇಲಿಟ್ಟರು. ಆಮೇಲೆ ಅದೇ ಕೈಯಿಂದ ವಾಲ್ವಿನ ಡಬ್ಬಿ ತೋರಿಸಿದರು.

ಯಂಕಪ್ಪ ಒಂದು ವಾಲ್ವ್ ಕೊಟ್ಟ. ಅವರು ಅದನ್ನು ಎಡಗೈಯಲ್ಲಿ ಹಿಡಿದು ಕುಳಿಯಲ್ಲಿಟ್ಟು ತಿರುಗಿಸಲು ನೋಡಿದರು. ಮತ್ತೊಂದು ಕುಳಿ. ಮತ್ತೊಂದು. ಅವರಿಗೆ ತಿಳಿಯಲಿಲ್ಲ. ಮೂವತ್ತೊಂದು ವರ್ಷದ ಕಸುಬೆಲ್ಲ ಇದ್ದದ್ದು ಬಲಗೈಯಲ್ಲಿ. ಆ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಅದನ್ನೊಮ್ಮೆ ನೋಡಿಕೊಂಡರು. ಆ ನೋಟ ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ.

ಆಮೇಲೆ ಅವರು ನನ್ನ ಬಲಗೈ ಮಣಿಕಟ್ಟನ್ನು ಹಿಡಿದರು. ಯಂಕಪ್ಪನಂಥ ಕೆಲಸಗಾರ ಪಕ್ಕದಲ್ಲೇ ನಿಂತಿದ್ದ, ಆದರೂ ನನ್ನದನ್ನೇ ಹಿಡಿದರು. ವಾಲ್ವನ್ನು ನನ್ನ ಬೆರಳಿಗೆ ಕೊಟ್ಟು, ಕುಳಿಯಲ್ಲಿಟ್ಟು, ಮಣಿಕಟ್ಟನ್ನು ಮೆಲ್ಲಗೆ ಅತ್ತಿತ್ತ ಆಡಿಸಿದರು. ತನ್ನದಲ್ಲದ ಕುಳಿಯಲ್ಲಿ ವಾಲ್ವ್ ತಿರುಗುವಾಗ ಒಂದು ಕಡೆ ಸಣ್ಣಗೆ ತಡೆಯುತ್ತದೆ. ತನ್ನದರಲ್ಲಿ ಬೆಣ್ಣೆಯ ಹಾಗೆ ಕೂರುತ್ತದೆ. ಮೊದಲ ದಿನ ನನಗೆ ಎರಡೂ ಒಂದೇ ಅನ್ನಿಸಿತು. ತಡೆದಾಗಲೆಲ್ಲ ಅವರು ಮಣಿಕಟ್ಟು ಹಿಸುಕುತ್ತಿದ್ದರು. ನನ್ನ ಮೂಳೆಯ ಮೂಲಕ ಅವರಿಗೆ ತಿಳಿಯುತ್ತಿತ್ತು! ಎರಡನೇ ಭಾನುವಾರ ಅವರು ಹಿಸುಕುವ ಮೊದಲೇ ನಾನು ನಿಲ್ಲಿಸಿದೆ. ಅವರ ಬಾಯಿ ಎಡಕ್ಕೆ ಸೊಟ್ಟಗಾಯಿತು. ನಗುತ್ತಿದ್ದರು. ನನ್ನ ಜೀವನದಲ್ಲಿ ಯಾವ ಪ್ರಮೋಷನ್ನೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ಮೂರನೇ ಭಾನುವಾರದ ಹೊತ್ತಿಗೆ ಎಂಟೂ ವಾಲ್ವುಗಳು ತಮ್ಮ ತಮ್ಮ ಮನೆ ಸೇರಿದವು.

ಕ್ಯಾಪುಗಳು ಹಾಗೆ ಬಗ್ಗಲಿಲ್ಲ. ಒಂದು ಜೋಡಣೆ ಹಾಕಿ, ಬಿಗಿದು, ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿ ನೋಡುವುದು. ತಿರುಗದೆ ಹಿಡಿದರೆ ಬಿಚ್ಚಿ ಇನ್ನೊಂದು. ಅಣ್ಣ ಎಡ ಅಂಗೈಯನ್ನು ಬ್ಲಾಕಿನ ಮೇಲಿಟ್ಟು ಕಣ್ಣು ಮುಚ್ಚಿ ಕೂರುತ್ತಿದ್ದರು. ಇಲ್ಲ ಎಂದು ತಲೆಯಾಡಿಸುತ್ತಿದ್ದರು. "ರಾಡೆಲ್ಲಾ ಪೀಣ್ಯಕ್ಕ ಒಯ್ದು ಕ್ಯಾಪ್ ಕೂಡೋ ತೂತು ಹೊಸದಾಗಿ ಬೋರ್ ಮಾಡಿಸೂಣ್ರಿ. ಎರಡು ತಿಂಗಳು ಹಿಡಿತೈತಿ," ಎಂದ ಯಂಕಪ್ಪ. ಎರಡು ತಿಂಗಳು ಕಾಯುವಂತಿರಲಿಲ್ಲ. ಅಷ್ಟರಲ್ಲಿ ಅವರು ತುಂಬಾ ಸೊರಗಿದ್ದರು, ನುಂಗಲೂ ಕಷ್ಟಪಡುತ್ತಿದ್ದರು. ಹದಿನಾಲ್ಕನೆಯದೋ ಹದಿನೈದನೆಯದೋ ಜೋಡಣೆಗೆ ಅವರು ಬಹಳ ಹೊತ್ತು ಕೈ ಇಟ್ಟುಕೊಂಡಿದ್ದರು. ಆಮೇಲೆ ನನ್ನ ಮುಖ ನೋಡಿ ಹೂಂ ಎಂಬಂತೆ ತಲೆಯಾಡಿಸಿದರು. ಎಂಜಿನ್ ಮುಚ್ಚಿದೆವು.

ಜೂನ್ ಎರಡನೇ ಭಾನುವಾರ ಫಿಯಟ್ ಸ್ಟಾರ್ಟ್ ಆಯಿತು. ಹೇಮಲತಾ ಚಪ್ಪಾಳೆ ತಟ್ಟಿದಳು. ಯಂಕಪ್ಪ ಒಂದು ಕ್ಷಣ ಕಿವಿಗೊಟ್ಟು ಕೇಳಿ ಏನೋ ಹೇಳಲು ಹೋದ. ಅಣ್ಣ ಅವನ ಕಡೆ ನೋಡಿದರು. ಅವನು ಬಾಯಿ ಮುಚ್ಚಿಕೊಂಡ. ನಾನು ಅದನ್ನು ಕಂಡೆ, ಆದರೆ ಕಾಣಬೇಕೆನ್ನುವ ಮನಸ್ಸು ನನಗೆ ಇರಲಿಲ್ಲ. "ಸರಿ ಇದೆಯಾ ಅಣ್ಣ?" ಎಂದು ಕೇಳಿದೆ. ಅವರು ಎಲ್ಲ ಶಕ್ತಿ ಒಟ್ಟುಮಾಡಿ, "ಸ...ರಿ," ಎಂದರು. ಅದು ಲಕ್ವ ಹೊಡೆದ ಮೇಲೆ ನಾನು ಕೇಳಿದ ಅವರ ಮೊದಲ ಮಾತು.

ವಸಂತಮ್ಮನವರು ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತರು. ನಾನು ಓಡಿಸಿದೆ. ಸೂಲಿಬೆಲೆಗೆ ಹೋಗೋಣವೇ ಎಂದು ತಿರುಗಿ ಕೇಳಿದ್ದಕ್ಕೆ ಅಣ್ಣ ಬೇಡವೆಂದು ಕೈ ಆಡಿಸಿದರು. ಸುಸ್ತಾಗಿರಬೇಕು ಎಂದುಕೊಂಡೆ. ಕುಂದಲಹಳ್ಳಿ ಕೆರೆಯವರೆಗೆ ಹೋಗಿ, ಒಂದು ಸುತ್ತು ತಿರುಗಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ವಸಂತಮ್ಮನವರು ಅವರ ಬಿದ್ದುಹೋದ ಬಲಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡಿದ್ದರು. ಅದಾದ ಹನ್ನೊಂದನೆಯ ದಿನ ಚಿಕ್ಕಮುನಿಯಪ್ಪನವರು ತೀರಿಕೊಂಡರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಯಂಕಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಎಂಜಿನ್ನಿನ ಹೊಟ್ಟೆಯಲ್ಲಿ ಬಡಿತ ಇತ್ತು, ಎರಡು ಕ್ಯಾಪು ಅದಲುಬದಲಾಗಿರಬೇಕು, ಹದಿನೈದಿಪ್ಪತ್ತು ಕಿಲೋಮೀಟರ್ ಓಡಿದ್ದರೆ ಕೆಟ್ಟು ನಿಲ್ಲುತ್ತಿತ್ತು ಎಂದ. "ಮುಚ್ಚೂದಕ್ಕೂ ಮೊದಲೇ ನನಗ ಅನುಮಾನ ಇತ್ತು ಸರ. ಅಣ್ಣಾರು ಹೂಂ ಅಂದ ಮ್ಯಾಲೆ ಸುಮ್ಮನಾದೆ." ಲಕ್ವ ಹೊಡೆದ ಮೇಲೆ ಅಣ್ಣನ ಅಂದಾಜು ತಪ್ಪಿತ್ತು, ಪಾಪ, ಅವರಿಗೆ ಅದು ತಿಳಿಯಲೇ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ರಾಡುಗಳನ್ನು ಪೀಣ್ಯಕ್ಕೆ ಒಯ್ದೆವು. ಯಂಕಪ್ಪ ಕೆಲಸದ ಪಾಳಿ ಮುಗಿಸಿ ತಾನೇ ಮೆಶೀನಿನ ಮುಂದೆ ನಿಂತು ಸರಿಮಾಡಿದ. ಈ ಸಲ ಬೆಡ್‌ಶೀಟು ಹಾಸಿ ಬಿಚ್ಚಿದವನೂ ನಾನೇ, ಕಟ್ಟಿದವನೂ ನಾನೇ. ದೀಪಾವಳಿಗೆ ಮುಂಚೆ ಮುಗಿಯಿತು. ಎಂಜಿನ್ನಿನ ಮೇಲೆ ಕಾಫಿ ಲೋಟ ಇಟ್ಟರೆ ಅಲುಗದಷ್ಟು ನಯವಾಗಿ ಓಡುತ್ತಿತ್ತು. ವಸಂತಮ್ಮನವರನ್ನು ಕೆಳಗೆ ಕರೆದು ಕೇಳಿಸಿದೆ.

"ಈಗ ಸೂಲಿಬೆಲೆಗೆ ಹೋಗೋಣ ಬನ್ನಿ ಅಕ್ಕ. ಅವತ್ತು ಒಳಗೊಂದು ಸದ್ದಿತ್ತಂತೆ. ನಾನು ಕ್ಯಾಪು ಕಲಸಿಬಿಟ್ಟಿದ್ದೆನಲ್ಲ, ಅದರಿಂದ. ಅಣ್ಣಂಗೂ ಗೊತ್ತಾಗಿರಲಿಲ್ಲ. ಈಗ ಸರಿಯಾಗಿದೆ."

ಅವರು ಬಾನೆಟ್ಟಿನ ಮೇಲೆ ಕೈ ಇಟ್ಟರು.

"ಬ್ಯಾಡ ಕಣಪ್ಪ. ನಾನು ಅವ್ರ್ ಜೊತೇಲಿ ಕೂತಾಯ್ತು, ಸಾಕು," ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರಿಗ್ ಗೊತ್ತಿತ್ತು ಅಮರೇಸ. ಅವತ್ತು ಮದ್ಯಾನ ಗಂಜಿ ಕುಡಿಸ್ವಾಗ ಎರಡ್ ಮಾತಾಡುದ್ರು. ಕೂಡ್ಸಿ ಕೂಡ್ಸಿ ಆಡುದ್ರು. 'ಸದ್ದು ಐತೆ' ಅಂದ್ರು. ಆಮ್ಯಾಕೆ ನನ್ ಕೈ ಇಡ್ಕಂಡು, 'ಅಮರೇಸಂಗೆ ಬ್ಯಾಡ' ಅಂದ್ರು. ನೀನು ನೊಂದ್ಕತೀಯ ಅಂತ."

ಎಂಜಿನ್ ಓಡುತ್ತಲೇ ಇತ್ತು. ನಾನು ಕೈ ಹಾಕಿ ಆರಿಸಿದೆ. ಸೂಲಿಬೆಲೆ ನಲವತ್ತು ಕಿಲೋಮೀಟರ್ ಕೂಡ ಇಲ್ಲ, ಆದರೆ ಅವತ್ತು ಹೊರಟಿದ್ದರೆ ಗಾಡಿ ದಾರಿಯಲ್ಲೇ ನಿಂತು ನನ್ನ ತಪ್ಪು ಬಯಲಾಗುತ್ತಿತ್ತು. ನನಗೆ ನೋವಾಗಬಾರದೆಂದು ಅವರು ಅದನ್ನು ಬಿಟ್ಟುಕೊಟ್ಟು, ಕೆರೆಯವರೆಗೆ ಹೋಗಿ ಬಂದು, ಸರಿ ಎಂದು ಹೇಳಿ ಹೋದರು.